ಕೈ ಎತ್ತಲಾಗದ ಹಾಡು

ಕಟಿಂಗ್ ಮಾಸ್ಟರನಿಗೆ ಹೆಂಡತಿಯ ತಮ್ಮನನ್ನು ಕಂಡರೆ ಆಗುತ್ತಿರಲಿಲ್ಲ. ಮನುಷ್ಯ ಕೆಟ್ಟವನಲ್ಲ. ಬಣ್ಣದ ಅಂಗಡಿಯಲ್ಲಿ ಗಿರಾಕಿ ಕೇಳಿದ ಬಣ್ಣ ಬೆರೆಸಿಕೊಡುತ್ತಾನೆ, ಭಾವ ಭಾವ ಎಂದು ಹಿಂದೆಮುಂದೆ ಸುತ್ತುತ್ತಾನೆ, ಕಷ್ಟಕ್ಕೆ ಕರೆದರೆ ಊಟ ಬಿಟ್ಟು ಓಡಿಬರುತ್ತಾನೆ. ಆದರೂ ಆಗದು. ಕಾರಣ ಒಂದೇ. ಅವನು ಗಿಟಾರ್ ಹಿಡಿದು ಸುಮ್ಮನೆ ಕೆರೆದರೂ ಸಾಕು, ಹಾಡು ಹುಟ್ಟಿಬಿಡುತ್ತಿತ್ತು. ಮಾಸ್ಟರ್ ಮನಸ್ಸಿನಲ್ಲೇ ಅವನಿಗೆ ಪುಕ್ಕಟೆ ಎಂದು ಹೆಸರಿಟ್ಟಿದ್ದ.

ಅವರದು ನಾಲ್ಕು ಜನರ ರಾಕ್ ಬ್ಯಾಂಡು. ಭಾನುವಾರ ಮಧ್ಯಾಹ್ನ, ಟೈಲರಿಂಗ್ ಅಂಗಡಿಯ ಹಿಂದಿನ ಇಸ್ತ್ರಿ ಕೋಣೆಯಲ್ಲಿ ಅಭ್ಯಾಸ. ಗೋಡೆಯುದ್ದಕ್ಕೂ ಬಟ್ಟೆಯ ಥಾನುಗಳಿರುವುದರಿಂದ ಸದ್ದು ಹೊರಗೆ ಹೋಗುವುದಿಲ್ಲ, ನೆರೆಯವರ ಬೈಗುಳ ಒಳಗೆ ಬರುವುದಿಲ್ಲ. ಪುಕ್ಕಟೆಯದು ಗಿಟಾರ್, ಮಾಸ್ಟರನದು ದಪ್ಪ ದನಿಯ ಬೇಸ್ ಗಿಟಾರ್. ಡ್ರಮ್ ಬಾರಿಸುವವನು ಲಿಫ್ಟ್ ರಿಪೇರಿಯವನು. ಹಾಡುವವಳು ಮಾಸ್ಟರನ ಹೆಂಡತಿ. ವಾರವೆಲ್ಲ ಔಷಧಿ ಅಂಗಡಿಯಲ್ಲಿ ವೈದ್ಯರ ಕೋಳಿಕಾಲು ಅಕ್ಷರ ಓದಿ ಸಾಕಾದವಳು.

ಹಾಡು ಕಟ್ಟುವುದರಲ್ಲಿ ಮಾಸ್ಟರನ ದಾರಿಯೇ ಬೇರೆ. ಎರಡು ಸಲ ಅಳೆ, ಒಂದು ಸಲ ಕತ್ತರಿಸು ಎಂದು ಕಲಿತ ಕೈ ಅದು. ಇಪ್ಪತ್ತೆರಡು ವರ್ಷದಲ್ಲಿ ಅವನು ಕತ್ತರಿಸಿದ ಒಂದು ಅಂಗಿಯ ಭುಜವೂ ಜಾರಿದ್ದಿಲ್ಲ. ಅಂಗಿಯ ಮಾದರಿ ಬರೆಯುವ ಕಂದು ಕಾಗದದ ಹಿಂಬದಿಗೆ ಗೆರೆ ಎಳೆದು, ಯಾವ ತಂತಿ, ಯಾವ ಬೆರಳು, ಡ್ರಮ್ ಎಲ್ಲಿ ನಿಲ್ಲಬೇಕು, ಹೆಂಡತಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲ ಬರೆದು, ಅಳಿಸಿ, ಮತ್ತೆ ಬರೆದು ಮೊಳೆಗೆ ನೇತುಹಾಕುತ್ತಿದ್ದ. ಮುಂದೆ ನೋಡಿದರೆ ಕಾಲರು, ಹಿಂದೆ ನೋಡಿದರೆ ಪಲ್ಲವಿ. ಒಂದು ಹಾಡಿಗೆ ಏಳು ತಿಂಗಳು ಹಿಡಿದದ್ದೂ ಉಂಟು.

ಪುಕ್ಕಟೆಗೆ ಈ ತಾಪತ್ರಯವೇ ಇಲ್ಲ. 'ಸುಮ್ನೆ ನುಡಿಸೋಣ, ಏನಾದ್ರೂ ಬರುತ್ತೆ' ಎನ್ನುವನು. ಎಲ್ಲರೂ ಬಾಯಿಗೆ ಬಂದದ್ದು ಹಾಡಿ, ಕೈಗೆ ಬಂದದ್ದು ಬಡಿದು ಗದ್ದಲ ಎಬ್ಬಿಸುವರು. ಅರ್ಧ ಗಂಟೆಯಲ್ಲಿ ಆ ಗದ್ದಲದೊಳಗಿಂದ ನಿಜಕ್ಕೂ ಏನೋ ಬಂದುಬಿಡುವುದು! ಆಗ ಮಾಸ್ಟರನ ಹೆಂಡತಿ ಕಣ್ಣು ಮುಚ್ಚಿಕೊಂಡು ಹಾಡುವಳು. ಗಂಡನ ಹಾಡನ್ನು ಮಾತ್ರ ಔಷಧಿ ಚೀಟಿ ಓದುವ ಹಾಗೆ ಕಾಗದ ನೋಡಿಕೊಂಡೇ ಹಾಡುವಳು, ಒಂದಕ್ಷರ ತಪ್ಪದೆ. ಆ ಮುಚ್ಚಿದ ಕಣ್ಣು ತನ್ನ ಒಂದೇ ಒಂದು ಹಾಡಿಗಾದರೂ ಸಿಗಲಿ ಎಂಬುದು ಮಾಸ್ಟರನ ಆಸೆ. ಬೇರೆ ಆಸೆಯಿಲ್ಲದ ಸಾದಾ ಮನುಷ್ಯ ಅವನು. ಇದೊಂದು ಸಿಗದೆ ಹೊಟ್ಟೆ ಉರಿದುಕೊಳ್ಳುತ್ತಿದ್ದ.

ಆ ಏಳು ತಿಂಗಳ ಹಾಡನ್ನು ತಂದ ಭಾನುವಾರ ಹೆಂಡತಿ ಅದನ್ನು ಹಾಡಿ ಮುಗಿಸಿ, ಕಾಗದ ಮಡಚುತ್ತ, 'ಅಳತೆ ಎಲ್ಲಾ ಸರಿಯಾಗಿದೆ ರೀ. ಆದ್ರೆ ತೊಟ್ಕೊಂಡ್ರೆ ಕೈ ಎತ್ತೋಕಾಗಲ್ಲ' ಎಂದಳು. ದರ್ಜಿಯ ಹೆಂಡತಿ, ದರ್ಜಿಗೆ ನಾಟುವ ಮಾತೇ ಆಡಿದಳು. ಪುಕ್ಕಟೆ ಕಿಸಕ್ಕೆಂದ. ಮಾಸ್ಟರ್ ಮುಖ ಊದಿಸಿಕೊಂಡು ಕೂತ. ಅಭ್ಯಾಸದ ಕೊನೆಯ ಹತ್ತು ನಿಮಿಷ ವಾದ್ಯಗಳನ್ನು ಅದಲುಬದಲು ಮಾಡಿಕೊಂಡು ನಗುವುದು ಅವರ ಬ್ಯಾಂಡಿನ ಪದ್ಧತಿ. ಅವತ್ತು ಅದರಲ್ಲೂ ಅವನು ತಲೆ ಬಗ್ಗಿಸಿ, ಯಾರೋ ಕೊಟ್ಟದ್ದನ್ನು ಹಿಡಿದು, ಏನೋ ಮೀಟಿ, ಯಾರಿಗೂ ಹೇಳದೆ ಮನೆಗೆ ಹೊರಟುಹೋದ.

ಅಭ್ಯಾಸವೆಲ್ಲ ಮಾಸ್ಟರನ ಫೋನಿನಲ್ಲಿ ರೆಕಾರ್ಡ್ ಆಗುತ್ತಿತ್ತು. ಅದನ್ನು ಕೇಳಿ ಚೆನ್ನಾಗಿರುವುದನ್ನು ಬರೆದಿಡುವ ಕೆಲಸ ಮಾಸ್ಟರನದೇ, ಬರೆಯಲು ಬರುವುದು ಅವನೊಬ್ಬನಿಗೇ ಆದ್ದರಿಂದ. ಪರರ ಮಕ್ಕಳಿಗೆ ಬಟ್ಟೆ ಹೊಲಿಯುವ ಕೆಲಸ ಇದು ಎಂದು ಗೊಣಗುತ್ತ, ಸೋಮವಾರ ಕತ್ತರಿ ಮೇಜಿನ ಮುಂದೆ ನಿಂತು, ಎರಡು ಗಂಟೆಯ ರೆಕಾರ್ಡಿನ ಮೇಲೆ ಹಿಂದಕ್ಕೂ ಮುಂದಕ್ಕೂ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು.

ಅರ್ಧ ನಿಮಿಷವೂ ಇಲ್ಲದ ಗಿಟಾರಿನ ರಾಗ. ಡ್ರಮ್ ಅಡ್ಡಾದಿಡ್ಡಿ ಬಡಿಯುತ್ತಿತ್ತು, ಬೇಸ್ ಒಂದೇ ತಂತಿಯಲ್ಲಿ ಗೊರಕೆ ಹೊಡೆಯುತ್ತಿತ್ತು. ಆ ರಾಗ ಮಾತ್ರ ಯಾರ ಹಂಗೂ ಇಲ್ಲದೆ ಮೇಲೆದ್ದು, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ತನ್ನಷ್ಟಕ್ಕೆ ಸಾವರಿಸಿಕೊಂಡು ಇಳಿಯುತ್ತಿತ್ತು. ಮಾಸ್ಟರನ ಹೊಟ್ಟೆಯೊಳಗೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಯಿತು. ತಾನು ಏಳು ತಿಂಗಳು ತಲೆ ಚಚ್ಚಿಕೊಂಡರೂ ಬಾರದ್ದು ಈ ಪುಕ್ಕಟೆಗೆ ಕಿಸಕ್ಕೆನ್ನುವ ಹೊತ್ತಿನಲ್ಲಿ ಬಂದಿದೆ! ಆ ಉರಿಯಲ್ಲೇ ಕತ್ತರಿ ಹಿಡಿದು ಹನ್ನೆರಡು ತೋಳು ಕತ್ತರಿಸಿದ. ಹನ್ನೆರಡೂ ಎಡಗೈಯವು.

ಆಮೇಲೆ ಅವನು ಮಾಡಿದ್ದನ್ನು ಹೇಳಲು ನನಗೇ ನಾಚಿಕೆ. ಆ ಅರ್ಧ ನಿಮಿಷವನ್ನು ಬೇರೆ ತೆಗೆದು 'ಕಾಲರ್ ಅಳತೆ' ಎಂಬ ಹೆಸರಿನಲ್ಲಿ ಬಚ್ಚಿಟ್ಟ. ಉಳಿದ ರೆಕಾರ್ಡನ್ನೆಲ್ಲ ಅಳಿಸಿದ. 'ಫೋನಲ್ಲಿ ಚಾರ್ಜ್ ಇರ್ಲಿಲ್ಲ' ಎಂದು ಎಲ್ಲರಿಗೂ ಸುಳ್ಳು ಹೇಳಿದ. ರಾಗಕ್ಕೆ ಮಾತು ಕೂಡಿಸಿ, ಕಂದು ಕಾಗದಕ್ಕೆ ಇಳಿಸಿ, ಮೂರು ವಾರ ಬಿಟ್ಟು ತನ್ನದೆಂದು ತಂದಿಟ್ಟ.

ಪುಕ್ಕಟೆ ಕಾಗದ ನೋಡಿ ಗಿಟಾರ್ ನುಡಿಸಿದ. ಎರಡನೇ ಸಾಲಿಗೇ ಮುಖ ಅರಳಿಸಿ, 'ಸದ್ಯ, ಇದು ಕಳೆದು ಹೋಗ್ಲಿಲ್ವಲ್ಲ ಭಾವ!' ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ಟರ್ ಬೇಸ್ ಮೀಟುವುದನ್ನು ನಿಲ್ಲಿಸಿದ. ಇವನಿಗೆ ಗೊತ್ತು! ಗೊತ್ತಿದ್ದೂ ಹೋಗಲಿ ಪಾಪ ಎಂದು ಬಿಟ್ಟುಕೊಡುತ್ತಿದ್ದಾನೆ. ಕದ್ದದ್ದಾದರೂ ಗಂಡಸುತನ, ಇದು ಭಿಕ್ಷೆ.

ಅಷ್ಟರಲ್ಲಿ ಹೆಂಡತಿ ಹಾಡತೊಡಗಿದಳು. ಎರಡು ಸಲ ಕಾಗದ ನೋಡಿದಳು. ಮೂರನೇ ಸುತ್ತಿಗೆ ಅವಳ ಕಣ್ಣು ಮುಚ್ಚಿತು. ಎಷ್ಟು ವರ್ಷ ಕಾದಿದ್ದ ಗಳಿಗೆ ಅದು! ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ನುಂಗಲಾರದೆ, ಉಗುಳಲಾರದೆ ಅವನು ನಿಂತೇ ಇದ್ದ.

ಮುಂದಿನ ತಿಂಗಳು ಕಾಲೇಜಿನ ಸಭಾಂಗಣದಲ್ಲಿ ಅವರ ಕಾರ್ಯಕ್ರಮವಿತ್ತು. ಅದರ ಹಿಂದಿನ ಭಾನುವಾರ ಹೆಂಡತಿ, 'ಕೊನೇಲಿ ಇದನ್ನೇ ಹಾಡೋಣ. ನಮ್ಮೆಜಮಾನ್ರು ಬರೆದಿದ್ದು ಅಂತ ಮೈಕಲ್ಲೇ ಹೇಳ್ತೀನಿ' ಎಂದಳು. ಪುಕ್ಕಟೆ ಜೋರಾಗಿ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಯನ್ನು ಮಾಸ್ಟರನಿಂದ ತಾಳಿಕೊಳ್ಳಲಾಗಲಿಲ್ಲ.

'ಸಾಕು ನಿಲ್ಸೋ ನಿನ್ನ ದೊಡ್ಡತನ!' ಎಂದು ಕಿರುಚಿ, ಫೋನ್ ತೆಗೆದು 'ಕಾಲರ್ ಅಳತೆ'ಯನ್ನು ಎಲ್ಲರೆದುರು ಹಾಕಿದ. 'ಇದು ಇವನದು. ನಾನು ಕದ್ದೆ. ಚಾರ್ಜ್ ಇತ್ತು, ನಾನೇ ಅಳಿಸಿದೆ. ಇವನಿಗೆ ಮೊದಲ ದಿನದಿಂದ್ಲೂ ಗೊತ್ತು.'

ಮೊದಲು ಬಾಯಿ ಬಿಟ್ಟವನು ಲಿಫ್ಟಿನವನು. ಅವನಿಗೆ ಕಳ್ಳತನದ ಚಿಂತೆಯೇ ಇಲ್ಲ, ಮುಖ ಕೆಂಪಾಗಿತ್ತು. 'ಒಂದ್ನಿಮಿಷ. ಈ ಡ್ರಮ್ ನಾನು ಬಾರಿಸಿದ್ದು ಅಂದ್ಕೊಂಡ್ರಾ? ಹೀಗೆ ಬಾರಿಸ್ತೀನಾ ನಾನು? ಇದು ಅದಲುಬದಲು ಆಟದ್ದು ಮಾಸ್ಟ್ರೇ! ಡ್ರಮ್ ಮೇಲೆ ಕೂತಿದ್ದು ನಿಮ್ಮ ಬಾಮೈದ. ಆ ಬೇಸ್ ಗೊರಕೆ ನಂದು.'

'ಮತ್ತೆ ಗಿಟಾರು?' ಎಂದ ಮಾಸ್ಟರ್.

'ನಿಮ್ಮ ಕೈಲೇ ಇತ್ತಲ್ಲ ರೀ' ಎಂದಳು ಹೆಂಡತಿ. 'ಮುಖ ಊದಿಸ್ಕೊಂಡು ಕೂತಿದ್ರಲ್ಲ ಆವತ್ತು.'

ಪುಕ್ಕಟೆ ನೆಲ ನೋಡುತ್ತ, 'ಡ್ರಮ್ ಬಾರಿಸ್ತಾ ನಿನ್ನ ಬೆರಳನ್ನೇ ನೋಡ್ತಿದ್ದೆ ಭಾವ. ಮನೆಗೆ ಹೋಗಿ ಒಂದು ವಾರ ಹುಡುಕಿದೆ, ಸಿಗ್ಲಿಲ್ಲ. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳ್ಲಿ? ರೆಕಾರ್ಡೂ ಇಲ್ಲ ಅಂತ ನೀನಂದೆ. ಹೋಯ್ತಲ್ಲ ಅಂದ್ಕೊಂಡಿದ್ದೆ' ಎಂದ. ಆಮೇಲೆ ತನ್ನ ಗಿಟಾರನ್ನು ಹೆಗಲಿನಿಂದ ಇಳಿಸಿ ಭಾವನಿಗೆ ಕೊಟ್ಟ. 'ನೀನೇ ನುಡಿಸು. ನಿಂದೇ ಅಲ್ವಾ.'

ಮಾಸ್ಟರ್ ಸಂತೋಷದಿಂದ ಗಿಟಾರನ್ನು ಹೆಗಲಿಗೆ ಹಾಕಿಕೊಂಡ. ಒಂದು ಕಣ್ಣು ಮೊಳೆಯ ಮೇಲಿನ ಕಾಗದದ ಮೇಲೆ, ಇನ್ನೊಂದು ಬೆರಳುಗಳ ಮೇಲೆ ಇಟ್ಟು, ಅವನು ರಾಗವನ್ನು ಹೇಗೆ ಬರೆದಿತ್ತೋ ಹಾಗೆ ನುಡಿಸಿದ. ಒಂದು ಬೆರಳೂ ತಪ್ಪಲಿಲ್ಲ. ಹೆಂಡತಿಯ ದನಿಯೂ ಜೊತೆಗೆ ಬಂತು, ಉಸಿರು ತೆಗೆದುಕೊಳ್ಳಬೇಕಾದ ಕಡೆಯೇ ತೆಗೆದುಕೊಂಡು. ಮೂರನೇ ಸುತ್ತಿಗೆ ಅವನು ಮೆಲ್ಲಗೆ ತಲೆಯೆತ್ತಿ ನೋಡಿದ.

ಅವಳು ಕಾಗದ ನೋಡಿಕೊಂಡು ಹಾಡುತ್ತಿದ್ದಳು.

ಮಾಸ್ಟರ್ ನಿಲ್ಲಿಸಿದ. ಗಿಟಾರನ್ನು ಬಾಮೈದನಿಗೆ ವಾಪಸು ಕೊಟ್ಟು, ತನ್ನ ಬೇಸ್ ಎತ್ತಿಕೊಂಡು ಗೋಡೆಗೆ ಒರಗಿ ನಿಂತ. ಬಾಮೈದನ ಮೇಲೆ ಅವನಿಗೆ ಈಗ ಎಳ್ಳಷ್ಟೂ ಸಿಟ್ಟಿರಲಿಲ್ಲ. ಒಂದು ಭಾನುವಾರ ಮುಖ ಊದಿಸಿಕೊಂಡು, ಏನು ಹಿಡಿದಿದ್ದೇನೆ ಎಂಬುದನ್ನೂ ನೋಡದೆ, ಅದನ್ನು ಮೀಟಿ ಎದ್ದುಹೋದನಲ್ಲ, ಅವನ ಮೇಲೆ ಹೊಟ್ಟೆ ಧಗಧಗ ಉರಿಯುತ್ತಿತ್ತು.