ಅತ್ತಿಗೆಯ ನಾಲ್ಕನೆಯ ಗಾಡಿ

ಅತ್ತಿಗೆಯನ್ನು ಮೊದಲು ಅತ್ತಿಗೆ ಎಂದು ಕರೆದವನು ಅವರ ಮೈದುನ. ಅದು ಅವನ ಹಕ್ಕು, ಯಾರೂ ತಕರಾರು ಮಾಡುವಂತಿಲ್ಲ. ಆದರೆ ಅವನ ಬಾಯಿಂದ ಕೇಳಿ ಕೇಳಿ ಉಣ್ಣೆ ವ್ಯಾಪಾರಿ, ಪಶುವೈದ್ಯರು, ಪೋಸ್ಟಿನವನು, ಕೊನೆಗೆ ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಪಕ್ಕದ ಜಮೀನಿನವರೂ ಅತ್ತಿಗೆ ಎನ್ನತೊಡಗಿದರು. ಐವತ್ತೆಂಟು ವರ್ಷದ ಹೆಂಗಸಿಗೆ ಊರು ತುಂಬ ಮೈದುನರು. ಅವರ ಗಂಡನನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಯಾವುದರ ಯಜಮಾನರು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅವರಿಗೂ ತಟ್ಟನೆ ಉತ್ತರ ಹೊಳೆಯುತ್ತಿರಲಿಲ್ಲವೇನೋ.

ಅವರದು ಕುರಿಗಳ ಜಮೀನು. ಮನೆ, ದೊಡ್ಡಿ, ಶೆಡ್ಡು ಕೆಳಗೆ. ಹುಲ್ಲೆಲ್ಲ ಗುಡ್ಡದ ಮೇಲೆ. ಇಪ್ಪತ್ತಾರು ವರ್ಷದ ಹಿಂದೆ ಮೊದಲ ಕ್ವಾಡ್ ಬೈಕ್ ಬಂತು. ನಾಲ್ಕು ದಪ್ಪ ಗಾಲಿ, ಬೈಕಿನ ಹಾಗೆ ಹ್ಯಾಂಡಲ್ಲು, ಹಿಂದೆ ಮುಂದೆ ಮೂಟೆ ಕಟ್ಟಲು ಕಬ್ಬಿಣದ ಕ್ಯಾರಿಯರ್ರು. ತಂದದ್ದು ಯಜಮಾನರಿಗಾಗಿಯೇ. ಎಂಟು ದಿನ ಓಡಿಸಿದರು. ಒಂಬತ್ತನೆಯ ದಿನ ಸೊಂಟ ಹಿಡಿದುಕೊಂಡಿತು. ಆ ಸೊಂಟ ಇನ್ನೂ ಬಿಟ್ಟಿಲ್ಲ. ಊಟಕ್ಕೆ, ಹರಟೆಗೆ, ಪೇಟೆ ತಿರುಗುವುದಕ್ಕೆ ಅದರಿಂದ ಏನೂ ಅಡ್ಡಿಯಿಲ್ಲ; ಗಾಡಿ ಕಂಡರೆ ಮಾತ್ರ ಹಿಡಿದುಕೊಳ್ಳುತ್ತದೆ. ಕುರಿಗಳಿಗೆ ಸೊಂಟದ ಕಥೆ ಹೇಳಿ ಪ್ರಯೋಜನವಿಲ್ಲ, ಬೆಳಗಾದರೆ ಅವುಗಳ ಹತ್ತಿರ ಯಾರಾದರೂ ಹೋಗಲೇಬೇಕು. ಅತ್ತಿಗೆ ಗಾಡಿ ಹತ್ತಿದರು. ಅವತ್ತು ಹತ್ತಿದವರು ಮೂರು ಗಾಡಿ ಸವೆಸಿದರು.

ಕ್ವಾಡ್ ಬೈಕನ್ನು ಕೂತು ಓಡಿಸುತ್ತಾರೆ ಎಂದುಕೊಂಡವರು ಅದನ್ನು ಓಡಿಸಿದವರಲ್ಲ. ಗುಡ್ಡದ ಓರೆಯಲ್ಲಿ ಅಡ್ಡ ಹೋಗುವಾಗ ಸುಮ್ಮನೆ ಕೂತರೆ ಗಾಡಿ ನಿಧಾನಕ್ಕೆ ಮಗುಚುತ್ತದೆ, ಮಗುಚಿದರೆ ಮುನ್ನೂರು ಕಿಲೋ ಕಬ್ಬಿಣ ಎದೆಯ ಮೇಲೆ. ಅದಕ್ಕೇ ಮಂಡಿಯ ಬಲದಿಂದ ಎದ್ದು, ಸೀಟಿನಿಂದ ಸರಿದು, ಮೈಯನ್ನೆಲ್ಲ ಗುಡ್ಡದ ಕಡೆಗೆ ಹಾಕಬೇಕು. ಮೇಲಿನ ಬದಿಯ ಗಾಲಿಗಳನ್ನು ನಮ್ಮ ಭಾರದಿಂದಲೇ ನೆಲಕ್ಕೆ ಒತ್ತಿ ಹಿಡಿಯಬೇಕು. ಅತ್ತಿಗೆಗೆ ಇದನ್ನು ಯಾರೂ ಕಲಿಸಲಿಲ್ಲ. ಎರಡು ಸಲ ಬಿದ್ದು ಕಲಿತರು, ಬಿದ್ದದ್ದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಗಾಡಿ ಕಸಿದುಕೊಂಡು, ಕುರಿಯನ್ನು ಮಾತ್ರ ಇವರ ಪಾಲಿಗೇ ಬಿಡುತ್ತಿದ್ದರು.

ಗುಡ್ಡದ ತುದಿಗೆ ಹತ್ತಿರ ಮೇಲಿನ ಬಯಲು ಎಂದೊಂದಿದೆ. ಅಲ್ಲಿ ನಲವತ್ತು ಕುರಿಗಳು. ಹೆಚ್ಚಿನವು ತಾಯಿ ಸತ್ತ ಮರಿಗಳಾಗಿದ್ದಾಗ ಅತ್ತಿಗೆ ಬಾಟಲಿ ಹಾಲು ಕುಡಿಸಿ ಉಳಿಸಿಕೊಂಡವು, ಇಲ್ಲವೇ ಅಂಥವುಗಳ ಮಕ್ಕಳು. ಅಲ್ಲಿಗೆ ಹೋಗಲು ಒಂದೇ ದಾರಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು, ನಡುವೆ ನಾಲ್ಕೂವರೆ ಅಡಿ. ಗಾಡಿಯ ಅಗಲ ನಾಲ್ಕಡಿ. ಉಳಿದ ಅರ್ಧ ಅಡಿಯಲ್ಲಿ ಅತ್ತಿಗೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದರು. ಮೇಲೆ ಫೋನು ಹಿಡಿಯುವುದಿಲ್ಲ. ಟವೆಲ್ ಎಲ್ಲಿ, ಚಾ ಆಯ್ತಾ, ನನ್ನ ಕನ್ನಡಕ ನೋಡಿದ್ಯಾ ಎಂದು ಕೇಳುವವರಿಲ್ಲ. ಅತ್ತಿಗೆಗೆ ಆ ಜಾಗ ತುಂಬ ಇಷ್ಟ. ಮನೆಯಲ್ಲಿ ಇದ್ದಾಗ ಅವರು ಎಲ್ಲರಿಗೂ ಏನೋ ಒಂದು ಆಗಿರುತ್ತಿದ್ದರು, ಅಲ್ಲಿ ಒಂದು ಗಂಟೆ ಯಾರಿಗೂ ಏನೂ ಆಗಬೇಕಿರಲಿಲ್ಲ.

ಮರಿ ಹಾಕುವ ಕಾಲಕ್ಕೆ ಇನ್ನು ಮೂರು ವಾರ ಇರುವಾಗ ಮೂರನೆಯ ಗಾಡಿಯ ಚಾಸಿ ಬಿರುಕು ಬಿಟ್ಟಿತು. ಗ್ಯಾರೇಜಿನವನು ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿ, ಎದ್ದು ಕೈ ಒರೆಸಿಕೊಂಡು, ಇದಕ್ಕೆ ಬೆಸುಗೆ ಹಾಕಿದರೆ ಹೆಣಕ್ಕೆ ಸಿಂಗಾರ ಮಾಡಿದ ಹಾಗೆ ಎಂದ. ಹೊಸದು ತರಬೇಕಾಯಿತು.

ಅಲ್ಲಿಗೆ ಮನೆಯಲ್ಲಿ ಮಲಗಿದ್ದ ಪಾಂಡಿತ್ಯವೆಲ್ಲ ಎದ್ದು ಕೂತಿತು. ಯಜಮಾನರು ಮೂರು ದಿನ ಫೋನಿನಲ್ಲಿ ವಿಡಿಯೋ ನೋಡಿದರು. ನೋಡಿ, ಕ್ವಾಡ್ ಬೈಕ್ ಹಳೇ ಕಾಲದ್ದು, ಈಗೇನಿದ್ದರೂ ಬಗ್ಗಿ ಎಂದು ತೀರ್ಪು ಕೊಟ್ಟರು. ಬಗ್ಗಿ ಎಂದರೆ ಸಣ್ಣ ಕಾರಿನಂಥದ್ದು: ಇಬ್ಬರಿಗೆ ಪಕ್ಕಪಕ್ಕ ಸೀಟು, ಸ್ಟಿಯರಿಂಗು, ಬೆಲ್ಟು, ಮೇಲೊಂದು ಚಾವಣಿ, ಮಗುಚಿದರೂ ತಲೆ ಉಳಿಯುವಂತೆ ಸುತ್ತ ಕಬ್ಬಿಣದ ಚೌಕಟ್ಟು. ಅಗಲ ಐದೂಕಾಲು ಅಡಿ. ಇನ್ನು ಮೇಲೆ ತಾನೂ ಜೊತೆಗೆ ಬರಬಹುದು ಎಂದು ಯಜಮಾನರು ಸಂತೋಷಪಟ್ಟರು. ಪಕ್ಕದ ಸೀಟಿನಲ್ಲಿ ಕೂತು ಅವರು ದಾರಿಯುದ್ದಕ್ಕೂ ಕೊಡಬಹುದಾದ ಸಲಹೆಗಳನ್ನು ನೆನೆದು ಅತ್ತಿಗೆಗೆ ಬೆವರು ಬಂತು.

ಮೈದುನ ಭೂಮಾಪನ ಇಲಾಖೆಯಿಂದ ನಿವೃತ್ತನಾದವನು. ಮೂವತ್ತೈದು ವರ್ಷ ಊರವರ ಜಮೀನು ಅಳೆದವನಿಗೆ ಅಳೆಯಲು ಏನೂ ಉಳಿಯದೆ ಕೈ ಕಡಿಯುತ್ತಿತ್ತು. ಕಂಪ್ಯೂಟರಿನಲ್ಲಿ ಹದಿನೇಳು ಕಾಲಮ್ಮಿನ ಪಟ್ಟಿ ಮಾಡಿದ. ಇಂಜಿನ್ನು, ಮೈಲೇಜು, ಹೆಡ್‌ಲೈಟು, ಎಳೆಯುವ ಭಾರ, ಮರುಮಾರಾಟ, ಬಣ್ಣ ಎಲ್ಲಕ್ಕೂ ಅಂಕ. ಬಗ್ಗಿಗೆ ನೂರ ನಲವತ್ತೊಂದು, ಕ್ವಾಡಿಗೆ ನೂರ ಹದಿನೆಂಟು ಬಂತು. ಓಡಿಸುವವರು ಯಾರು ಎಂಬುದಕ್ಕೆ ಮಾತ್ರ ಕಾಲಮ್ಮು ಇರಲಿಲ್ಲ. ಬಂಡೆಯ ದಾರಿಯ ಅಗಲಕ್ಕೂ ಇರಲಿಲ್ಲ. ಅತ್ತಿಗೆ ಅದನ್ನು ಹೇಳಿದಾಗ ಮೈದುನ ಸಮಾಧಾನದ ದನಿಯಲ್ಲಿ, "ಮೇಲಿನ ಬಯಲು ಬಿಟ್ಬಿಟ್ರಾಯ್ತು ಅತ್ತಿಗೆ, ನಲವತ್ತು ಕುರಿ ತಾನೆ," ಎಂದ. ಅತ್ತಿಗೆ ಅವನ ಮುಂದಿದ್ದ ಚಾ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು. ಅದರಲ್ಲಿ ಇನ್ನೂ ಅರ್ಧ ಚಾ ಇತ್ತು.

ಶೋರೂಮಿಗೆ ಮೂವರೂ ಹೋದರು. ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ಓಡಿ ಬಂದು ಯಜಮಾನರ ಕೈ ಕುಲುಕಿದ, ಮೈದುನನ ಕೈ ಕುಲುಕಿದ, ಅತ್ತಿಗೆಗೆ ಕುರ್ಚಿ ತೋರಿಸಿದ. ಬಗ್ಗಿಯ ಗುಣಗಾನದಲ್ಲಿ ಲೋಟ ಇಡಲು ಎರಡು ಜಾಗ ಇರುವುದನ್ನು ಮೂರು ಸಲ ಹೇಳಿದ. ಅತ್ತಿಗೆ ಕುರ್ಚಿ ಬಿಟ್ಟು ಒಂದು ಕ್ವಾಡಿನ ಸುತ್ತ ಬಂದು ಕೇಳಿದರು: ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನು ನಾಲ್ಕೂ ಗಾಲಿಯನ್ನು ತಡೆದು ಹಿಡಿಯುತ್ತದೋ, ಇಲ್ಲ ಹಿಂದಿನ ಎರಡನ್ನು ಮಾತ್ರವೋ? ಸೇಲ್ಸ್‌ಮನ್ ಒಂದು ಕ್ಷಣ ಯೋಚಿಸಿ, ಯಜಮಾನರ ಕಡೆ ತಿರುಗಿ, "ಒಳ್ಳೆ ಪ್ರಶ್ನೆ ಸಾರ್," ಎಂದ. ಯಜಮಾನರು ಹೊಗಳಿಕೆಯನ್ನು ಸ್ವೀಕರಿಸಿದರು.

ಉತ್ತರ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಪ್ರಾಯಶ್ಚಿತ್ತವಾಗಿ ಎರಡೂ ಗಾಡಿಗಳನ್ನು ಜಮೀನಿಗೇ ತಂದು ತೋರಿಸುತ್ತೇನೆಂದ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಟ್ರೈಲರಿನ ಮೇಲೆ ಒಂದು ಬಗ್ಗಿ, ಒಂದು ಕ್ವಾಡು ಬಂದು ಅಂಗಳದಲ್ಲಿ ಇಳಿದವು.

ಕ್ವಾಡನ್ನು ಮೊದಲು ಹತ್ತಿದವರು ಯಜಮಾನರು. ಸೇಲ್ಸ್‌ಮನ್ ಎದುರಿಗೆ ಸೊಂಟವೂ ಮರ್ಯಾದೆಯಿಂದ ನಡೆದುಕೊಂಡಿತು. ಗುಡ್ಡ ಕಡಿದಾಗಿದೆ, ಹುಲ್ಲು ಜಾರುತ್ತದೆ ಎಂದು ಅತ್ತಿಗೆ ಯಾವತ್ತಾದರೂ ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತಿದ್ದ ಮನುಷ್ಯ. ದೊಡ್ಡಿಯ ಹಿಂದಿನ ಏರನ್ನು, ಅಂದರೆ ಇಡೀ ಗುಡ್ಡದಲ್ಲೇ ಸೌಮ್ಯವಾದದ್ದನ್ನು, ಜೋರಾಗಿ ಹತ್ತತೊಡಗಿದರು. ಅರ್ಧದಲ್ಲಿ ಧೈರ್ಯ ಮುಗಿಯಿತು, ಕೈ ಸಡಿಲವಾಯಿತು, ಇಂಜಿನ್ನು ನಿಂತಿತು. ಎರಡೂ ಬ್ರೇಕನ್ನು ಬಿಗಿಯಾಗಿ ಅಮುಕಿ ಹಿಡಿದು, ಆಕಾಶದ ಕಡೆ ಮುಖ ಮಾಡಿ, ಯಜಮಾನರು ಅಲ್ಲೇ ಕೂತರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಕೆಳಗೂ ಇಳಿಯಲೊಲ್ಲರು. ಕೆಳಗೆ ಮೈದುನ ತನ್ನ ಧರ್ಮ ಪಾಲಿಸಿ ಇಳಿಜಾರಿನ ಕೋನ ಎಷ್ಟಿರಬಹುದೆಂದು ಅಂದಾಜು ಮಾಡುತ್ತಿದ್ದ.

ಅತ್ತಿಗೆ ನಡೆದು ಹತ್ತಿ ಹತ್ತಿರ ಹೋದರು. ಬ್ರೇಕ್ ಬಿಡಬೇಡಿ, ಗುಡ್ಡದ ಕಡೆಯಿಂದಲೇ ಇಳಿಯಿರಿ ಎಂದು ಹೇಳಿ, ಪಾರ್ಕಿಂಗ್ ಬ್ರೇಕನ್ನು ತಾವೇ ಬಿಗಿದು, ತೋಳು ಹಿಡಿದು ಇಳಿಸಿಕೊಂಡರು.

"ದಿನಾ ಇದರ ಮೇಲೇ ಹೋಗ್ತೀಯಾ?" ಎಂದರು ಯಜಮಾನರು.

"ಇದು ಕೆಳಗಿಂದು. ಮೇಲೆ ಇದಕ್ಕಿಂತ ಜಾಸ್ತಿ."

ಯಜಮಾನರು ಮೇಲೆ ನೋಡಿದರು. ಇಪ್ಪತ್ತಾರು ವರ್ಷ ಅಂಗಳದಿಂದ ನೋಡಿದ್ದ ಗುಡ್ಡವೇ ಅದು. ಅತ್ತಿಗೆ ಇಳಿಸಿ ತಂದ ಗಾಡಿಯ ಹಿಂದೆ ನಡೆದು ಕೆಳಗೆ ಬಂದ ಮೇಲೆ, ಬ್ರೇಕು ಸ್ವಲ್ಪ ಟೈಟಾಗಿದೆ ಕಣಯ್ಯ ಎಂದು ಸೇಲ್ಸ್‌ಮನ್ನಿಗೆ ಹೇಳಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಆದರೆ ಆಮೇಲೆ ತಮ್ಮನ ಕಡೆ ತಿರುಗಿ ಅವರು ಹೇಳಿದ ಮಾತನ್ನು ಆ ಮನೆಯ ಗೋಡೆಗಳೂ ಹಿಂದೆಂದೂ ಕೇಳಿರಲಿಲ್ಲ. "ನಿನ್ನ ಪಟ್ಟಿ ಹರಿದು ಹಾಕು. ಓಡಿಸೋಳು ಅವಳು, ಅವಳು ಯಾವುದು ಅಂತಾಳೋ ಅದೇ."

ಅತ್ತಿಗೆಗೆ ಗೆದ್ದ ಖುಷಿ ತಡೆಯಲಾಗಲಿಲ್ಲ. ಮುಖ ಬಿಗಿಹಿಡಿದುಕೊಂಡೇ ಕ್ವಾಡ್ ಹತ್ತಿ, ಎರಡು ಹುಲ್ಲಿನ ಕಟ್ಟು ಹಿಂದೆ ಬಿಗಿದುಕೊಂಡು, ಮೇಲಿನ ಬಯಲಿಗೇ ಹೋಗಿ ಬರುತ್ತೇನೆಂದು ಹೊರಟರು. ಗಾಡಿ ಚೆನ್ನಾಗಿತ್ತು. ಹ್ಯಾಂಡಲ್ಲು ಬೆಣ್ಣೆಯ ಹಾಗೆ ತಿರುಗುತ್ತಿತ್ತು; ಇಳಿಜಾರಿನಲ್ಲಿ ಬೇಕೆಂದೇ ಆಕ್ಸಿಲರೇಟರ್ ಬಿಟ್ಟು ನೋಡಿದರು, ನಾಲ್ಕೂ ಗಾಲಿ ಹಿಡಿದು ನಿಂತವು. ಹಳೆಯದರ ಹತ್ತರಷ್ಟು ಒಳ್ಳೆಯ ಗಾಡಿ.

ಬಂಡೆಯ ದಾರಿಗೆ ಸ್ವಲ್ಪ ಮೊದಲು ಓರೆ ಬರುತ್ತದೆ, ಅಲ್ಲಿ ಎದ್ದು ಮೈಯನ್ನು ಗುಡ್ಡದ ಕಡೆ ಹಾಕಬೇಕು. ಅತ್ತಿಗೆ ಏಳಹೋದರು. ಎಡ ಮಂಡಿ ಏಳಲಿಲ್ಲ.

ಒಂದು ವರ್ಷದಿಂದ ಆ ಮಂಡಿ ನೋಯುತ್ತಿತ್ತು, ನೋವಿಗೆ ಅತ್ತಿಗೆ ಎಣ್ಣೆ ತಿಕ್ಕಿಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಇದು ನೋವಲ್ಲ. ಏಳು ಎಂದರೆ ಅದು ಏಳಲಿಲ್ಲ, ಅಷ್ಟೆ. ಮೈ ಸೀಟಿನ ಮೇಲೇ ಉಳಿಯಿತು. ಮೇಲಿನ ಬದಿಯ ಮುಂದಿನ ಗಾಲಿ ಹಗುರಾದದ್ದು ಹ್ಯಾಂಡಲ್ಲಿನಲ್ಲಿ ಗೊತ್ತಾಯಿತು, ಆಮೇಲೆ ಅದು ನೆಲ ಬಿಟ್ಟದ್ದು ಕಣ್ಣಿಗೇ ಕಂಡಿತು, ಒಂದು ಗೇಣು. ಅತ್ತಿಗೆ ಹ್ಯಾಂಡಲ್ಲನ್ನು ಇಳಿಜಾರಿನ ಕಡೆಗೆ ತಿರುಗಿಸಿದರು. ಗಾಡಿ ಕೆಳಮುಖವಾಗಿ ಹತ್ತು ಮಾರು ಓಡಿ, ಗಾಲಿ ಮತ್ತೆ ನೆಲ ಹಿಡಿದು, ಒಂದು ಪೊದೆಯ ಹತ್ತಿರ ನಿಂತಿತು. ಹುಲ್ಲಿನ ಕಟ್ಟುಗಳು ಕಟ್ಟಿದಂತೆಯೇ ಇದ್ದವು. ಅತ್ತಿಗೆ ಇಂಜಿನ್ನು ಆರಿಸಿದರು. ಇನ್ನೊಮ್ಮೆ ಏಳಲು ನೋಡಿದರು. ಮೂರನೆಯ ಸಲವೂ ನೋಡಿದರು. ಆಮೇಲೆ ಸ್ವಲ್ಪ ಅತ್ತರು, ಮುಖ ಒರೆಸಿಕೊಂಡರು, ಇಳಿದು ಬಂದರು.

ಕೆಳಗಿನಿಂದ ನೋಡಿದವರಿಗೆ ಅದು ಬೇರೆಯೇ ಆಗಿ ಕಂಡಿತ್ತು. ಸೇಲ್ಸ್‌ಮನ್ ಚಪ್ಪಾಳೆ ತಟ್ಟಿದ. ಅಂಥ ತಿರುವು ತಾನು ವಿಡಿಯೋದಲ್ಲೂ ನೋಡಿಲ್ಲ ಎಂದು ಯಜಮಾನರು ಹೆಮ್ಮೆಯಿಂದ ಬೀಗಿದರು. ಕ್ವಾಡಿನ ಕಾಗದಪತ್ರ ಆಗಲೇ ಬಗ್ಗಿಯ ಬಾನೆಟ್ಟಿನ ಮೇಲೆ ಹರಡಿತ್ತು, ಸಹಿ ಹಾಕುವುದೊಂದೇ ಬಾಕಿ.

ಸುಮ್ಮನಿದ್ದರೆ ಆಗುತ್ತಿತ್ತು. ಮಂಡಿಯ ವಿಷಯ ಮಂಡಿಗೆ ಮತ್ತು ಅತ್ತಿಗೆಗೆ ಮಾತ್ರ ಗೊತ್ತು. ಎರಡು ಸಲ ಬಿದ್ದದ್ದನ್ನು ಮುಚ್ಚಿಟ್ಟವರಿಗೆ ಇದೇನು ದೊಡ್ಡದು? ಆದರೆ ಆ ಎರಡು ಸಲವೂ ಬಿದ್ದವರು ಎದ್ದಿದ್ದರು.

"ಬಗ್ಗಿನೇ ಇರಲಿ," ಎಂದರು ಅತ್ತಿಗೆ.

ಮೈದುನ ಹಿಗ್ಗಿದ. ಲೆಕ್ಕ ಸುಳ್ಳು ಹೇಳುವುದಿಲ್ಲ, ನೂರ ನಲವತ್ತೊಂದು ಎಂದರೆ ನೂರ ನಲವತ್ತೊಂದೇ ಎಂದ. ಸೇಲ್ಸ್‌ಮನ್ ಮೇಡಂ ಅವರ ಅಭಿರುಚಿಯನ್ನು ಕೊಂಡಾಡಿ, ಲೋಟದ ಜಾಗಗಳನ್ನು ಮತ್ತೊಮ್ಮೆ ತೋರಿಸಿದ. ಏನೂ ತಿಳಿಯದವರು ಏನೇನೋ ಕಾರಣ ಹಿಡಿದು ಹೋಗಿ ಸರಿಯಾದ ಜಾಗಕ್ಕೇ ತಲುಪಿದ್ದರು, ತಿಳಿದವರೊಬ್ಬರು ಅವರ ಹಿಂದೆ ಬಂದು ನಿಲ್ಲಬೇಕಾಯಿತು. ಇಂಥ ಅನ್ಯಾಯಕ್ಕೆ ಯಾವ ಕಚೇರಿಯಲ್ಲೂ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಯಜಮಾನರು ಮಾತ್ರ ಹಿಗ್ಗಲಿಲ್ಲ. ಹೆಂಡತಿಯನ್ನು ದೊಡ್ಡಿಯ ಪಕ್ಕಕ್ಕೆ ಕರೆದುಕೊಂಡು ಹೋಗಿ, ತಾನು ಒಪ್ಪಿದ ಮೇಲೆ ಇದ್ಯಾಕೆ ಹೀಗೆ ಎಂದು ಕೇಳಿದರು.

"ಮಂಡಿ ಏಳಲಿಲ್ಲ ರೀ. ಬೀಳಬೇಕಿತ್ತು, ಬೀಳಲಿಲ್ಲ. ಅದು ತಿರುವಲ್ಲ."

ಯಜಮಾನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಬಾಯಿಂದ ಸಲಹೆ ಬರಲಿಲ್ಲ, ಗಾದೆ ಬರಲಿಲ್ಲ. ಮೇಲಿನ ಬಯಲಿನ ಕುರಿಗಳನ್ನು ಏನು ಮಾಡುವುದು ಎಂದು ಕೇಳಿದರು.

ಮರಿ ಹಾಕುವುದಕ್ಕೆ ಮೊದಲು ಆ ನಲವತ್ತನ್ನು ಕೆಳಗೆ ತರಬೇಕು, ನೀವೂ ನಿಮ್ಮ ತಮ್ಮನೂ ನಾಳೆ ನಡೆದುಕೊಂಡು ಹೋಗಿ ಕರೆದುಕೊಂಡು ಬನ್ನಿ ಎಂದರು ಅತ್ತಿಗೆ. ಹೊಡೆದರೆ ಬರುವ ಜಾತಿಯಲ್ಲ ಅವು, ಕೂಗಿದರೆ ಮಾತ್ರ ಬರುತ್ತವೆ. ಬಾಟಲಿ ಹಾಲಿನ ಕಾಲದಿಂದ ಅವು ಒಂದೇ ಕೂಗಿಗೆ ಬಂದು ಅಭ್ಯಾಸ, ಅದನ್ನು ಕೂಗುವವರು ಒಬ್ಬರೇ. ಬೇರೆಯವರ ಎದುರಿಗೆ ಅತ್ತಿಗೆ ಅದನ್ನು ಯಾವತ್ತೂ ಕೂಗಿರಲಿಲ್ಲ, ಕೂಗಲು ನಾಚಿಕೆ. ಈಗ ಗಂಡನಿಗೆ ಕಲಿಸಲೆಂದು ದೊಡ್ಡಿಯ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂಗಿದರು. ಗಂಟಲಿನ ತಳದಿಂದ ಎದ್ದು ಮೇಲೇರಿ, ಒಡೆದು, ತಡೆದು, ಮತ್ತೆ ಎರಡು ಸಲ ಚಿಕ್ಕದಾಗಿ ಬರುವ ದನಿ. ಅಂಗಳದಲ್ಲಿ ಸೇಲ್ಸ್‌ಮನ್ ಏನಾಯಿತೋ ಎಂದು ತಿರುಗಿ ನೋಡಿದ.

ಯಜಮಾನರು ಕೂಗಿದರು. ಸಂತೆಯಲ್ಲಿ ಮಗು ಕಳೆದುಕೊಂಡವರ ಹಾಗಿತ್ತು. ಇಷ್ಟು ಜೋರು ಬೇಡ, ಅವು ಹೆದರುತ್ತವೆ ಎಂದರು ಅತ್ತಿಗೆ. ಎರಡನೆಯ ಸಲ ದನಿ ಒಡೆಯುವ ಕಡೆ ಕೆಮ್ಮು ಬಂತು. ಮೂರನೆಯ ಸಲ ಕೊನೆಯ ಎರಡನ್ನು ಮರೆತರು. ಹೀಗಾದರೆ ಇವರಿಂದ ಆಗುವುದಿಲ್ಲ ಎಂದು ಅತ್ತಿಗೆಗೆ ಒಳಗೊಳಗೇ ಒಂದು ಸಮಾಧಾನ.

ನಾಲ್ಕನೆಯ ಸಲ ಯಜಮಾನರಿಗೆ ಅದು ಸರಿಯಾಗಿ ಬಂತು.

"ಹಾಂ, ಹಾಗೆ," ಎಂದರು ಅತ್ತಿಗೆ.