ಅಮ್ಮನಿಗೆ ವಯಸ್ಸಾದ ದಿನ

ನಮ್ಮಮ್ಮ ಹೆಂಗಸರ ವಯಸ್ಸನ್ನು ಅಂಕಿಯಲ್ಲಿ ಹೇಳಿದವಳೇ ಅಲ್ಲ. ಇಪ್ಪತ್ತರ ಆಸುಪಾಸಿನವರು ಅವಳಿಗೆ ಹುಡುಗಿಯರು, ಮೂವತ್ತರವರು ಮಕ್ಕಳೊಂದಿಗರು, ಐವತ್ತು ದಾಟಿದವರು ಹಿರೀಕರು, ಆಮೇಲಿನವರೆಲ್ಲ ಅಜ್ಜಿಯರು. ನಲವತ್ತರವರಿಗೆ ಮಾತ್ರ ಅವಳ ಹತ್ತಿರ ಹೆಸರಿರಲಿಲ್ಲ, ಏಕೆಂದರೆ ಆಗ ಅವಳೇ ಅಲ್ಲಿದ್ದಳು. ಅಗ್ರಹಾರದ ಮೂಲೆಯಲ್ಲಿ ಹೂ ಮಾರುವ ಹುಡುಗಿ ಒಮ್ಮೆ ಅವಳ ನರೆತ ಬೈತಲೆ ನೋಡಿ "ಬನ್ನಿ ಅಜ್ಜಿ" ಎಂದುಬಿಟ್ಟಳು. ಅಮ್ಮ ಬೀದಿಯಲ್ಲೇ ಅವಳಿಗೆ ಮಂಗಳಾರತಿ ಮಾಡಿದಳು. ಅಂದಿನಿಂದ ಆ ಹುಡುಗಿ ತಪ್ಪದೆ "ಅಕ್ಕಾ" ಎನ್ನುತ್ತಿದ್ದಳು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನನ್ನ ಮದುವೆ ಗೊತ್ತಾಗಿತ್ತು. ಒಂದು ಬೆಳಿಗ್ಗೆ ಅಮ್ಮ ಒಲೆಯ ಮುಂದೆ ಕೂತು, ನನ್ನ ಮುಖ ನೋಡದೆ, "ಮೂರು ತಿಂಗಳಾಯ್ತು ಕಣೇ, ನಾನು ಹೊರಗೆ ಕೂತಿಲ್ಲ" ಎಂದಳು.

ಮಗಳ ಮದುವೆ ಚಪ್ಪರದಲ್ಲಿ ತಾಯಿ ಬಸುರಿ. ಬೀಗರು ಏನೆಂದಾರು? ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಅದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವಳಿಗೆ ಬೀಗರಿಗಿಂತ ಹೆರಿಗೆಯ ಭಯವೇ ಹೆಚ್ಚು. ನನ್ನ ತಮ್ಮನನ್ನು ಹೆತ್ತಾಗ ಸತ್ತು ಬದುಕಿದ್ದಳು.

ಅಪ್ಪನಿಗೆ ಸೀರೆ ಅಂಗಡಿ ಎಂದು ಸುಳ್ಳು ಹೇಳಿ ಜಟಕಾ ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಕೈ ತೊಳೆಯುತ್ತ ಹೇಳಿದರು: "ಬಸುರೂ ಇಲ್ಲ, ಏನೂ ಇಲ್ಲ ಕಣಮ್ಮ. ಮುಟ್ಟು ನಿಲ್ಲೋ ವಯಸ್ಸು ನಿಮಗೆ."

"ಅಂದ್ರೆ, ನಂಗೆ ವಯಸ್ಸಾಯ್ತು ಅಂತಲಾ?"

"ಆಯ್ತಲ್ಲಮ್ಮ."

"ಖಂಡಿತಾನಾ?" ಅಮ್ಮ ಎರಡು ಸಲ ಕೇಳಿದಳು. ಎರಡನೆಯ ಸಲ ಡಾಕ್ಟರಿಗೇ ನಗು ಬಂತು.

ಹೊರಗಿನ ಮೆಟ್ಟಿಲ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಅಲ್ಲೇ ನಕ್ಕಳು. ನನಗೂ ಹೋದ ಜೀವ ಬಂದಂತಾಯಿತು.

"ಮನಸ್ಸಲ್ಲೇ ಬೈಕೊಂಡ್ಯಾ ನನ್ನ?" ಎಂದಳು.

ಹೂಂ ಎಂದೆ.

"ಹೋಗ್ಲಿ ಬಿಡು, ನಾನೂ ಬೈಕೊಂಡೆ."

ಬರುವಾಗ ಅಗ್ರಹಾರದ ಮೂಲೆಯಲ್ಲಿ ಜಟಕಾ ನಿಲ್ಲಿಸಿದಳು. ಹೂವಿನ ಹುಡುಗಿ ಎದ್ದು ನಿಂತು, "ಎಷ್ಟು ಮೊಳ ಅಕ್ಕಾ?" ಎಂದಳು.

"ಅಜ್ಜಿ ಅನ್ನು."

ಹುಡುಗಿ ಹೆದರಿ ನನ್ನ ಮುಖ ನೋಡಿದಳು.

"ಅನ್ನು ಕಣೇ, ಬೈಯಲ್ಲ."

"ಎಷ್ಟು ಮೊಳ... ಅಜ್ಜಿ?"

ಅಮ್ಮ ಅದನ್ನು ಇನ್ನೊಂದು ಸಲ ಹೇಳಿಸಿದಳು. ಎರಡು ಮೊಳ ಮಲ್ಲಿಗೆ ಕೊಂಡು, ಮದುಮಗಳಾಗಲಿದ್ದ ನನ್ನನ್ನು ಕಾಯಿಸಿ, ಮೊದಲು ತಾನು ಮುಡಿದಳು.