ಸಾವಕ್ಕ ಹಾಸಿದ ನಡೆಮಡಿ

ಕಸುಬಿನವರು ತಮ್ಮ ಕಸುಬಿನ ಗುಟ್ಟನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಮಿಠಾಯಿಯವನು ಪಾಕದ ಹದವನ್ನು ಸ್ವಂತ ಮಗನಿಗೂ ತಡವಾಗಿಯೇ ಹೇಳುತ್ತಾನೆ. ನಮ್ಮ ಓಣಿಯ ಅಗಸರ ಸಾವಕ್ಕ ಮಾತ್ರ ತನಗೆ ಗೊತ್ತಿದ್ದದ್ದನ್ನೆಲ್ಲ ನಮ್ಮ ಅಂಗಳದಲ್ಲಿ ಕುಳಿತು, ಒಂದು ರೊಟ್ಟಿ ತಿನ್ನುತ್ತ, ನಮ್ಮವ್ವನಿಗೆ ಕಲಿಸಿಬಿಟ್ಟಳು. ಕಲಿಸಿ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಳು. ಅವಳನ್ನು ಜಾಣೆ ಅನ್ನಬೇಕೋ ಹುಚ್ಚಿ ಅನ್ನಬೇಕೋ ಎಂದು ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ.

ನಮ್ಮ ಮನೆ ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿತ್ತು. ಅಪ್ಪ ಯಮನಪ್ಪ ರೈಲ್ವೆ ಕಾರಖಾನೆಯಲ್ಲಿ ಫಿಟ್ಟರ್. ಅವ್ವನ ಹೆಸರು ರುಕ್ಮವ್ವ. ನಾನು ರೇಣವ್ವ, ಅವರ ಒಬ್ಬಳೇ ಮಗಳು. ನಾನು ಹುಟ್ಟುವ ಮೊದಲಿನಿಂದಲೂ ಸಾವಕ್ಕ ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದಳು. ಬಾಣಂತನದ ಬಟ್ಟೆ ಒಗೆದವಳೂ ಅವಳೇ, ಆದ್ದರಿಂದ ನನ್ನ ಮೇಲೆ ತನಗೂ ಪಾಲಿದೆ ಎಂಬ ಗತ್ತು ಅವಳಿಗಿತ್ತು. ಪ್ರತಿ ಸೋಮವಾರ ಮುಂಜಾನೆ ಓಣಿಯ ಏಳೂ ಮನೆಗಳ ಬಟ್ಟೆಯನ್ನು ಕತ್ತೆಯ ಮೇಲೆ ಹೇರಿಕೊಂಡು ಉಣಕಲ್ಲ ಕೆರೆಗೆ ಹೋಗುತ್ತಿದ್ದಳು.

ಗಂಟು ಕಟ್ಟುವ ಮೊದಲು ಒಂದೊಂದೇ ಬಟ್ಟೆಯನ್ನು ಬಿಡಿಸಿ ನೋಡುವುದು ಅವಳ ಪದ್ಧತಿ. ಓದು ಬರಹ ಬಾರದ ಅವಳು ಬಟ್ಟೆಯ ಹೊಲಸನ್ನು ಮಾತ್ರ ಸರಾಗವಾಗಿ ಓದುತ್ತಿದ್ದಳು. "ಯಮನಪ್ಪಣ್ಣಾರು ಈ ವಾರ ಇಂಜಿನ್ನಿನ ಕೆಳಗ ಮಲಗ್ಯಾರ, ಬೆನ್ನ ತುಂಬ ಎಣ್ಣಿ ಐತಿ ನೋಡ್ರಿ" ಎನ್ನುತ್ತಿದ್ದಳು. ನನ್ನ ಪರಕರ ಎತ್ತಿ ಹಿಡಿದು, "ಸಾಲಿಗೆ ಹೋಗಿಲ್ಲ ಈಕಿ. ಹುಣಸಿಗಿಡ ಏರ್ಯಾಳ" ಎಂದಳೆಂದರೆ ನನಗೆ ಅವತ್ತು ಬೆನ್ನಿಗೆ ಗುದ್ದು ತಪ್ಪುತ್ತಿರಲಿಲ್ಲ. ಆಮೇಲೆ ಅವಳೇ ನನ್ನನ್ನು ಹತ್ತಿರ ಎಳೆದುಕೊಂಡು, "ಅಳಬ್ಯಾಡ ನಮ್ಮವ್ವಾ. ನಿನ್ನ ಮದಿವ್ಯಾಗ ನೆಲ ಕಾಣದಂಗ ನಡಿಮಡಿ ಹಾಸತೇನಿ" ಎಂದು ಸಮಾಧಾನ ಮಾಡುತ್ತಿದ್ದಳು.

ನಡೆಮಡಿ ಎಂದರೆ ಮದುಮಕ್ಕಳು ಗುಡಿಯಿಂದ ಹಂದರಕ್ಕೆ ನಡೆದುಬರುವಾಗ ಕಾಲ ಕೆಳಗೆ ಅಗಸರು ಹಾಸುವ ಮಡಿಬಟ್ಟೆ. ಆ ಬಟ್ಟೆ ಅಗಸರ ಸ್ವಂತದ್ದಲ್ಲ. ಒಗೆಯಲು ಬಂದ ಮನೆಮನೆಯ ಧೋತರ, ದುಪ್ಪಟಿಗಳೇ ಅವು. ತಮ್ಮ ಧೋತರವನ್ನು ಯಾರದೋ ಮದುಮಗ ತುಳಿಯುತ್ತಿರುವುದು ಕಂಡರೂ ಯಾರೂ ಬಾಯಿ ಬಿಡುವುದಿಲ್ಲ, ಅದು ರಿವಾಜು. ಒಂದು ಮನೆಯ ಮದುವೆಯಲ್ಲಿ ಯಾರು ಹಾಸಿದರೋ ಆ ಮನೆಯ ಒಗೆತದ ಹಕ್ಕು ಅವರದು. ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ, ಒಂದು ಹೊಸ ಸೀರೆ, ಅದಕ್ಕಿಂತ ಹೆಚ್ಚಾಗಿ ನಾಲ್ಕು ಮಂದಿಯ ಮುಂದೆ ಹೆಸರು ಹಿಡಿದು ಕರೆಯುವ ಮಾನ ಅವರಿಗೆ ಸಲ್ಲುತ್ತಿತ್ತು.

ಎರಡನೆಯ ಮಹಾಯುದ್ಧ ಶುರುವಾಗಿ ಮೂರು ವರ್ಷವಾಗುವಷ್ಟರಲ್ಲಿ ಸಾಬೂನು ಔಷಧಕ್ಕೂ ಸಿಗದಂತಾಯಿತು. ಜೋಳದ ಧಾರಣೆ ಏರಿತು, ಸೀಮೆಎಣ್ಣೆ ಏರಿತು, ಅಪ್ಪನ ಪಗಾರ ಮಾತ್ರ ಇದ್ದಲ್ಲೇ ಇತ್ತು. ಒಂದು ಸೋಮವಾರ ಅವ್ವ ಬಟ್ಟೆಯ ಗಂಟು ಕೊಡದೆ, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಳು.

"ಸಾವಕ್ಕಾ, ಇನ್ನ ಮ್ಯಾಲ ಅರಿವಿ ಕೊಡೂದು ನಮ್ಮ ಕೈಲೆ ಆಗೂದಿಲ್ಲವಾ. ತಪ್ಪ ತಿಳಕೋಬ್ಯಾಡ."

"ತಪ್ಪ ಯಾಕ ತಿಳಕೊಳ್ಳಲಿ ಅವ್ವಾರ? ಎಲ್ಲಾರ ಮನ್ಯಾಗೂ ಹಿಂಗ ಆಗೇತಿ. ಆದ್ರ ಯಮನಪ್ಪಣ್ಣಾರ ಅರಿವಿ ನೀವು ಹೆಂಗ ಒಗೀತೀರಿ?"

"ನೀರಾಗ ಅದ್ದಿ ಹಿಂಡಿದ್ರಾತು ಬಿಡು."

ಸಾವಕ್ಕನಿಗೆ ಕೆಲಸ ಹೋದದ್ದಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು. ಕತ್ತೆಯನ್ನು ಗೂಟಕ್ಕೆ ಕಟ್ಟಿ ಅಂಗಳದಲ್ಲಿ ಕುಕ್ಕರಿಸಿದಳು. "ಹಂಗ ಹಿಂಡಿದ್ದನ್ನ ಹಾಕ್ಕೊಂಡ ಅವರು ಕಾರಖಾನಿಗೆ ಹೋದ್ರ ಮಂದಿ ಏನಂತಾರ? ಸಾವಕ್ಕನ ಮನಿ ಅರಿವಿ ನೋಡ್ರಿ ಅಂತಾರ. ಮೂವತ್ತ ವರ್ಷದ ಹೆಸರೈತಿ ನಂದು. ಒಂದ ರೊಟ್ಟಿ ತರ್ರಿ, ಕುಂದರ್ರಿ ಇಲ್ಲೆ. ಹೇಳತೇನಿ."

ಅವತ್ತು ಮಧ್ಯಾಹ್ನದವರೆಗೆ ಪಾಠ ನಡೆಯಿತು. ಕುಳ್ಳಿನ ಬೂದಿ ಪಾತ್ರೆ ತಿಕ್ಕಲು, ಹತ್ತಿಕಟ್ಟಿಗೆಯ ಬೂದಿ ಬಟ್ಟೆಗೆ, ಎರಡನ್ನೂ ಬೆರೆಸಬಾರದು. ತಳ ತೂತಾದ ಗಡಿಗೆಗೆ ಹುಲ್ಲು ಹಾಸಿ, ಬೂದಿ ತುಂಬಿ, ಮೇಲಿನಿಂದ ನೀರು ಬಿಟ್ಟರೆ ಕೆಳಗೆ ಚಹಾದ ಬಣ್ಣದ ನೀರು ತೊಟ್ಟಿಕ್ಕುತ್ತದೆ. ಬೆರಳಿಗೆ ಜಾರಿದರೆ ಹದ ಬಂತೆಂದು ತಿಳಿ. ಆ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಹಂಡೆಯ ಬಾಯಿಗೆ ಸುತ್ತಿ ಹಬೆಗೆ ಇಡುವುದೇ ಉಬ್ಬೆ. ಎಣ್ಣೆಯ ಕಲೆಗೆ ಮೊದಲು ನೀರು ಮುಟ್ಟಿಸಬಾರದು, ಒಣ ಸವಳು ಮಣ್ಣು ಹಚ್ಚಿ ಅರ್ಧ ದಿನ ಬಿಡಬೇಕು. ಅರಿಷಿಣದ ಕಲೆಗೆ ಕೈ ನೋಯಿಸಿಕೊಳ್ಳುವುದು ದಂಡ, ಒದ್ದೆ ಮಾಡಿ ಬಿಸಿಲಿಗೆ ಹಾಕಿದರೆ ಸೂರ್ಯನೇ ತೆಗೆಯುತ್ತಾನೆ. ಅಂಟವಾಳದ ನೊರೆ ಒಂದೇ ಸಲ ಮಾಡಬೇಕು. ಅದರಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಆಮೇಲೆ ಅಪ್ಪನ ಕಾರಖಾನೆಯದ್ದು, ಉಳಿದ ನೀರಿನಲ್ಲಿ ಬಚ್ಚಲ ಕಲ್ಲು ತಿಕ್ಕಬೇಕು.

ಅವ್ವ ಗುರುವನ್ನು ಮೀರಿಸಿದಳು. ಮೊದಲೇ ಬಿಗಿ ಕೈಯವಳು, ಈಗ ಕೇಳಬೇಕೆ? ಬಚ್ಚಲ ತಿಕ್ಕಿದ ನೀರನ್ನೂ ಚೆಲ್ಲಲು ಬಿಡದೆ ಕಟ್ಟೆ ತೊಳೆಸುತ್ತಿದ್ದಳು. ಅಂಟವಾಳದ ಸಿಪ್ಪೆಯನ್ನು ಒಣಗಿಸಿ ಎರಡನೆಯ ಸಲ ಕುದಿಸುತ್ತಿದ್ದಳು. ಊಟ ಮಾಡಿ ಕೈ ಒರೆಸಿಕೊಳ್ಳಲು ಅಪ್ಪ ಧೋತರದ ಚುಂಗಿಗೆ ಕೈ ಹಾಕಿದರೆ, "ಹಾಂ!" ಎಂದು ಅಡಿಗೆಮನೆಯಿಂದಲೇ ಗದರುತ್ತಿದ್ದಳು. ಅಪ್ಪ ಪಾಪ, ಒದ್ದೆ ಕೈಯನ್ನು ಗಾಳಿಯಲ್ಲಿ ಆಡಿಸುತ್ತ ಕೂಡುತ್ತಿದ್ದ.

ಪಕ್ಕದ ಮನೆಯ ಚಾಂದಬಿ ಅವ್ವನಿಂದ ಕಲಿತಳು. ಅವಳ ಗಂಡ ದಸ್ತಗೀರಸಾಬ ಟಾಂಗಾ ಹೊಡೆಯುತ್ತಿದ್ದ. ಚಾಂದಬಿಯಿಂದ ಆಚೆಮನೆ, ಆಚೆಮನೆಯಿಂದ ಅದರಾಚೆಯ ಮನೆ, ವರ್ಷ ತುಂಬುವುದರೊಳಗೆ ಏಳು ಮನೆಗಳಲ್ಲೂ ತೂತು ಗಡಿಗೆ ತೊಟ್ಟಿಕ್ಕತೊಡಗಿತು. ಸಾವಕ್ಕನ ಗಂಟು ಸಣ್ಣದಾಗುತ್ತ ಬಂದು ಒಂದು ದಿನ ಇಲ್ಲವೇ ಆಯಿತು. ಅವಳು ಕತ್ತೆ ಮಾರಿದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಆ ವಯಸ್ಸಿನಲ್ಲಿ, ಆ ಮೊಣಕಾಲು ನೋವಿನಲ್ಲಿ, ಹತ್ತಿ ಗಿರಣಿಗೆ ಕಸ ಆರಿಸಲು ಹೋಗತೊಡಗಿದಳು.

ಆದರೂ ಗಿರಣಿಗೆ ಸೂಟಿಯಿದ್ದ ದಿನ ನಮ್ಮ ಓಣಿಗೆ ಬರುವುದನ್ನು ಬಿಡಲಿಲ್ಲ. ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳ ನಡುವೆ ಸಾಲಿ ತಪಾಸಣೆಗೆ ಬಂದ ಸಾಹೇಬನಂತೆ ಓಡಾಡುತ್ತಿದ್ದಳು. "ಕಾಲರ್ ತಿಕ್ಕಿಲ್ಲ", "ನೀಲಿ ಹೆಚ್ಚಾತು", "ಇದು ಛಲೋ ಆಗೇತಿ ನೋಡ್ರಿ". ಚಹಾ ಕುಡಿದು ಹೋಗುತ್ತಿದ್ದಳು. ಅವಳು ಹೋದ ಮೇಲೆ ಅವ್ವ ಒಗೆದ ಕಾಲರನ್ನೇ ಮತ್ತೆ ಮತ್ತೆ ತಿಕ್ಕುತ್ತ ಕೂಡುತ್ತಿದ್ದಳು. ಉಳಿಸಿದ ದುಡ್ಡು ಅವಳಿಗೆ ಅವತ್ತು ಸುಖ ಕೊಡುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು.

ನನಗೆ ಹದಿನಾರು ತುಂಬಿದಾಗ ಕೆಲಗೇರಿಯ ಶಿದ್ದಪ್ಪನವರೊಂದಿಗೆ ಮದುವೆ ಗೊತ್ತಾಯಿತು. ಅವ್ವ ಎಲೆ ಅಡಿಕೆ ಹಿಡಿದು ಎಲ್ಲರಿಗಿಂತ ಮೊದಲು ಸಾವಕ್ಕನ ಗುಡಿಸಲಿಗೆ ಹೋದಳು. ನಾನೂ ಜೊತೆಗಿದ್ದೆ. ಸಾವಕ್ಕ ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ಆದರೆ ಎಲೆ ಅಡಿಕೆಗೆ ಕೈ ಚಾಚಲಿಲ್ಲ.

"ಹಳೇ ಹುಬ್ಬಳ್ಳಿ ಅಗಸರ ಮೈಲಾರಲಿಂಗಪ್ಪಗ ಹೇಳ್ರಿ ಅವ್ವಾರ. ಅವಗ ಹತ್ತ ಮನಿ ಅದಾವ. ನಾ ಏನ ಹಾಸಲಿ?" ಮೂಲೆಯಲ್ಲಿ ಮಡಚಿಟ್ಟಿದ್ದ ಎರಡು ಹರಕು ದುಪ್ಪಟಿಗಳ ಕಡೆಗೆ ಕೈ ತೋರಿಸಿದಳು.

"ನಮ್ಮ ಮನ್ಯಾಗ ಒಗದಿಟ್ಟ ಅರಿವಿ ಅದಾವಲ್ಲ, ಅವನ್ನ ಕೊಡತೇನಿ."

"ನಾ ಒಗೀಲಾರದ್ದನ್ನ ನಾ ಹಾಸಿದ್ರ ಅದು ನಡಿಮಡಿ ಅಲ್ರಿ, ಭಿಕ್ಷಾ" ಎಂದಳು ಸಾವಕ್ಕ. ಸಿಟ್ಟಿನಿಂದಲ್ಲ, ಮೆಲ್ಲಗೇ ಹೇಳಿದಳು. ಮೈಲಾರಲಿಂಗಪ್ಪ ಒಂದು ಸಲ ಹಾಸಿದರೆ ನಮ್ಮ ಮನೆ ಎಂದೆಂದಿಗೂ ಅವಳ ಕೈತಪ್ಪುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು.

ಅವ್ವ ದಾರಿಯುದ್ದಕ್ಕೂ ಉಪಾಯ ಹುಡುಕುತ್ತ ನಡೆದಳು. ಕಷ್ಟವೇನೆಂದರೆ, ಮದುವೆಗೆಂದು ಇಡೀ ಓಣಿಯೇ ಆಗ ಬಟ್ಟೆಯನ್ನೆಲ್ಲ ಉಬ್ಬೆಗೆ ಹಾಕಿ, ಒಗೆದು, ಗಂಜಿ ಹಾಕಿ ಮಡಚಿಟ್ಟಿತ್ತು. ಒಗೆಯಲು ಕೊಡೋಣವೆಂದರೆ ಹೊಲಸು ಬಟ್ಟೆಯೇ ಇರಲಿಲ್ಲ. ಮನೆಗೆ ಬಂದವಳೇ ಚಾಂದಬಿಯನ್ನು ಕರೆದು ಏನೋ ಪಿಸುಗುಟ್ಟಿದಳು. ಚಾಂದಬಿ ಬಾಯಿಗೆ ಸೆರಗು ಒತ್ತಿಕೊಂಡು ಓಣಿಯ ಎಲ್ಲ ಮನೆಗೂ ಓಡಿದಳು.

ಸಂಜೆ ಅಪ್ಪ ಕಾರಖಾನೆಯಿಂದ ಬಂದಾಗ ಅವನ ಹೆಂಡತಿ ಅಂಗಳದಲ್ಲಿ ಕೂತು, ಹಾಲಿನಂಥ ಧೋತರಕ್ಕೆ ಇದ್ದಿಲ ಪುಡಿ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಚಾಂದಬಿ ತನ್ನ ಬಿಳಿ ದುಪ್ಪಟಿಗೆ ಅರಿಷಿಣದ ನೀರು ಚಿಮುಕಿಸುತ್ತಿದ್ದಳು.

"ಏನ ಹುಚ್ಚ ಹಿಡದೈತೇನ ನಿನಗ?" ಎಂದ ಅಪ್ಪ.

"ಸುಮ್ನಿರ್ರಿ. ನಿಮ್ಮ ಕೈಗೆ ಎಣ್ಣಿ ಐತೇನು? ಇಲ್ಲೆ ಒರಸ್ರಿ."

ಅಪ್ಪ ಅವಳ ಮುಖವನ್ನೂ ಧೋತರವನ್ನೂ ನೋಡಿದ. ಎರಡು ವರ್ಷದಿಂದ ತಡೆದಿಟ್ಟುಕೊಂಡಿದ್ದ ಆಸೆ ಅದು. ಎರಡೂ ಕೈಯನ್ನು ಮನಸಾರೆ ಒರೆಸಿದ.

ಮರುದಿನ ಏಳು ಮನೆಗಳ ಬಟ್ಟೆ ಒಂದು ದೊಡ್ಡ ಗಂಟಾಗಿ ಸಾವಕ್ಕನ ಬಾಗಿಲಿಗೆ ಹೋಯಿತು. "ಮದಿವಿ ಗದ್ದಲದಾಗ ಯಾರಿಗೂ ಒಗ್ಯಾಕ ಕೈ ಬಿಡುವಿಲ್ಲವಾ. ನೀನ ಕಾಯಬೇಕು" ಎಂದಳು ಅವ್ವ. ಸುಳ್ಳು ಹೇಳುವಾಗ ಅವಳ ಕಿವಿ ಕೆಂಪಾಗುತ್ತಿತ್ತು, ಅವತ್ತೂ ಆಯಿತು. ಸಾವಕ್ಕ ಪದ್ಧತಿಯಂತೆ ಒಂದೊಂದನ್ನೇ ಬಿಡಿಸಿದಳು. ಧೋತರವನ್ನು ಮೂಗಿಗೆ ಹಿಡಿದಳು. ದುಪ್ಪಟಿಯನ್ನು ಬೆಳಕಿಗೆ ಹಿಡಿದಳು. ಕೊನೆಗೆ, "ನಾಕ ದಿನ ಬೇಕು" ಎಂದು ಗಂಟು ಕಟ್ಟಿ, ಅವ್ವನ ಕೈಯಿಂದ ಎಲೆ ಅಡಿಕೆ ಇಸಿದುಕೊಂಡಳು.

ದಸ್ತಗೀರಸಾಬ ಅವಳನ್ನೂ ಗಂಟನ್ನೂ ಟಾಂಗಾದಲ್ಲಿ ಕೂರಿಸಿ ಉಣಕಲ್ಲ ಕೆರೆಗೆ ಕರೆದೊಯ್ದ. "ಟಾಂಗಾದಾಗ ಕುಂತ ಕೆರಿಗೆ ಬಂದ ಅಗಸಗಿತ್ತಿ ನಾನೊಬ್ಬಾಕಿ" ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳಂತೆ. ಅವ್ವನಿಗೆ ಮಾತ್ರ ತನ್ನ ಉಪಾಯದ ಮೇಲೆ ಬಹಳ ಹೆಮ್ಮೆ. "ಆಕಿಗೆ ಒಂಚೂರೂ ಗೊತ್ತಾಗಲಿಲ್ಲ ನೋಡ" ಎಂದು ಚಾಂದಬಿಗೆ ಹತ್ತು ಸಲವಾದರೂ ಹೇಳಿದಳು.

ಮದುವೆಯ ದಿನ ಹನುಮಂತದೇವರ ಗುಡಿಯಿಂದ ನಮ್ಮ ಹಂದರದವರೆಗೆ ಸಾವಕ್ಕ ನಡೆಮಡಿ ಹಾಸಿದಳು. ನಾವು ದಾಟಿದ ಬಟ್ಟೆಯನ್ನು ಹಿಂದಿನಿಂದ ಎತ್ತಿ ಮುಂದೆ ಹಾಸಬೇಕು. ಆ ಮೊಣಕಾಲಿನಲ್ಲಿ ಅವಳು ಎಷ್ಟು ಸಲ ಕೂತಳೋ ಎಷ್ಟು ಸಲ ಎದ್ದಳೋ. ನಾನು ತಲೆ ತಗ್ಗಿಸಿ ನಡೆಯುತ್ತಿದ್ದೆನಾದ್ದರಿಂದ ಬಟ್ಟೆಗಳನ್ನೇ ನೋಡುತ್ತಿದ್ದೆ. ಅಪ್ಪನ ಧೋತರ, ಚಾಂದಬಿಯ ದುಪ್ಪಟಿ, ಆಚೆಮನೆಯವರ ಪಂಚೆ. ಎಂಥ ಬಿಳುಪು ಅದು! ಅವ್ವ ಎರಡು ವರ್ಷ ಗಡಿಗೆಯ ಮುಂದೆ ಕೂತು ಕಲಿತ ಒಗೆತ ಅದರ ಮುಂದೆ ಏನೂ ಅಲ್ಲ. ಸಾವಕ್ಕ ನಮಗೆ ಎಲ್ಲವನ್ನೂ ಕಲಿಸಿದ್ದಳು ನಿಜ, ಆದರೆ ಅವಳ ಕೈ ನಮಗೆ ಬಂದಿರಲಿಲ್ಲ. ಮಂದಿಯ ನಡುವೆ ಅವಳ ಹೆಸರು ಓಡಾಡುವುದು ನನಗೆ ಕೇಳುತ್ತಿತ್ತು. ಅವಳಿಗೂ ಕೇಳಿರಬೇಕು, ಯಾಕೆಂದರೆ ಕೊನೆಯ ಹತ್ತು ಹೆಜ್ಜೆ ಅವಳು ಮೊಣಕಾಲು ಹಿಡಿದುಕೊಳ್ಳಲಿಲ್ಲ.

ಹಂದರದ ಬಾಗಿಲಲ್ಲಿ ಅವ್ವ, "ಸಾವಕ್ಕಾ, ಬಾರವಾ" ಎಂದು ಎಲ್ಲರಿಗೂ ಕೇಳುವಂತೆ ಕರೆದು ಉಡಿ ತುಂಬಿದಳು. ಉಡಿಯ ಗಂಟು ಹಾಕಿಕೊಳ್ಳುತ್ತ ಸಾವಕ್ಕ ಮುಂದೆ ಬಾಗಿದಳು. ಅವಳು ಆಡಿದ್ದು ಅವ್ವನಿಗೂ ನನಗೂ ಮಾತ್ರ ಕೇಳಿಸಿತು.

"ಇಪ್ಪತ್ತ ವರ್ಷ ನಿಮ್ಮ ಮನಿ ಹೊಲಸ ನೋಡೇನಿ ಅವ್ವಾರ. ಎಣ್ಣ್ಯಾಗ ದುಡಿಯೋ ಮನಶ್ಯಾನ ಧೋತರದಾಗ ಇದ್ದಿಲಿ ಎಲ್ಲಿಂದ ಬರಬೇಕು? ಒಗ್ಯೂದು ಛಲೋ ಕಲತೀರಿ. ಹೊಲಸ ಮಾಡೂದು ಮಾತ್ರ ನಿಮಗ ಬರೂದಿಲ್ಲ ನೋಡ್ರಿ."

ಅವ್ವನ ಕಿವಿ ಕೆಂಪಾಯಿತು. ನಗಲು ಹೋದಳು, ಆಗಲಿಲ್ಲ. ಮಗಳ ಮದುವೆಯಲ್ಲಿ ಅದುವರೆಗೆ ಅಳದಿದ್ದವಳು ಅಗಸರ ಸಾವಕ್ಕನ ಎರಡೂ ಕೈ ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಮಗಳನ್ನು ಕಳಿಸುವ ಸಂಕಟ ಎಂದುಕೊಂಡು ಬೀಗರ ಹೆಂಗಸರು ಸಮಾಧಾನ ಮಾಡಲು ಬಂದರು. ಅವ್ವ ಅವರ ಕಡೆ ನೋಡಲೂ ಇಲ್ಲ. ಹೊಸ ಸೀರೆಯ ಸೆರಗನ್ನು, ಕಲೆಯಾದೀತೆಂಬ ಚಿಂತೆಯಿಲ್ಲದೆ, ಕಣ್ಣಿಗೂ ಮೂಗಿಗೂ ಒತ್ತಿ ಒರೆಸಿಕೊಂಡಳು. ಆಮೇಲೆ ಅದೇ ಸೆರಗನ್ನು ಸಾವಕ್ಕನಿಗೆ ತೋರಿಸಿದಳು.

"ಇದು ಖರೇ ಹೊಲಸ ಐತಿ" ಎಂದಳು. "ಸೋಮವಾರ ಬಾ."